ಟೆನಿಸ್ಸಿಗೊಬ್ಬ ಯೊಕೊಜುನಾ

2022ರ ಜುಲೈನಲ್ಲಿ ಒಂದು ಭಾನುವಾರ ನೊವಾಕ್ ಜೊಕೊವಿಚ್ ವಿಂಬಲ್ಡನ್ ಗೆದ್ದರು. ಸೋಮವಾರ ಹೊಸ ರ‍್ಯಾಂಕಿಂಗ್ ಪಟ್ಟಿ ಬಂದಾಗ ಮೂರನೆಯ ಸ್ಥಾನದಿಂದ ಏಳಕ್ಕೆ ಜಾರಿದ್ದರು. ಕಾರಣವೇನೋ ಇತ್ತು. ವಿಂಬಲ್ಡನ್‌ನವರು ರಷ್ಯಾ, ಬೆಲಾರೂಸ್ ಆಟಗಾರರಿಗೆ ಬಾಗಿಲು ಹಾಕಿದ್ದರು. ಅದನ್ನೊಪ್ಪದ ಪುರುಷರ ಟೆನಿಸ್ ಸಂಘ ಎಟಿಪಿ ಆ ವರ್ಷ ಅಲ್ಲಿ ಗೆದ್ದವರಿಗೆ ಒಂದು ಅಂಕವನ್ನೂ ಕೊಡಲಿಲ್ಲ. ಹಿಂದಿನ ವರ್ಷ ಗೆದ್ದು ಗಳಿಸಿದ್ದ 2000 ಅಂಕವನ್ನು ಮಾತ್ರ ಮರೆಯದೆ ಕಳೆದುಬಿಟ್ಟಿತು. ಪ್ರಪಂಚದಲ್ಲಿ ಗೆದ್ದು ಇಳಿಯುವ ಭಾಗ್ಯ ಎಷ್ಟು ಜನಕ್ಕುಂಟು?

ಈ ರ‍್ಯಾಂಕಿಂಗ್ ದಿನಸಿ ಅಂಗಡಿಯ ಲೆಕ್ಕದ ಪುಸ್ತಕವಿದ್ದಂತೆ. 52 ವಾರಗಳ ಜಮೆ ಅದಕ್ಕೆ ಗೊತ್ತು, ಅದರಾಚೆಯ ಗಿರಾಕಿ ಯಾರೆಂದು ತಿಳಿಯದು. ಅದಕ್ಕೇ ನನಗೆ ಸುಮೊ ಕುಸ್ತಿಯವರ ಪದವಿಗಳನ್ನು ತಂದು ಟೆನಿಸ್ ಆಟಗಾರರಿಗೆ ಹಂಚುವ ಚಟ ಹತ್ತಿತು. ಕೆಲಸವಿಲ್ಲದ ಕೆಲಸ ನಿಜ. ಆದರೆ ಇಸ್ಪೀಟಿಗಿಂತ ಮೇಲು, ದುಡ್ಡು ಹೋಗುವುದಿಲ್ಲ.

ಜಪಾನಿನಲ್ಲಿ ವರ್ಷಕ್ಕೆ ಆರು ದೊಡ್ಡ ಸುಮೊ ಟೂರ್ನಿ, ಒಂದೊಂದೂ 15 ದಿನ. ಪ್ರತಿ ಟೂರ್ನಿಗೂ ಮೊದಲು ‘ಬಾಂಜುಕೆ’ ಎಂಬ ಶ್ರೇಯಾಂಕದ ಹಾಳೆ ಹೊರಬೀಳುತ್ತದೆ. ಅದನ್ನು ಈಗಲೂ ಕುಂಚ ಹಿಡಿದು ಕೈಯಲ್ಲೇ ಬರೆಯುತ್ತಾರೆ. ಮೇಲಿನ ಸಾಲಿನ ಹೆಸರುಗಳು ದಪ್ಪಗೆ, ಕಪ್ಪಗೆ, ಅಂಗಡಿ ಬೋರ್ಡಿನಷ್ಟು ಠೀವಿಯಲ್ಲಿರುತ್ತವೆ. ಕೆಳಕ್ಕಿಳಿದಂತೆ ಅಕ್ಷರ ಸಣಕಲಾಗುತ್ತಾ ಹೋಗಿ, ಕೊನೆಯ ಸಾಲಿನ ಹುಡುಗರನ್ನು ಓದಲು ಭೂತಗನ್ನಡಿಯೇ ಬೇಕು. ಮೇಲಿನ ದರ್ಜೆಗಳಲ್ಲಿ ಎಂಟು ಪಂದ್ಯ ಗೆದ್ದವನು ಮೇಲಕ್ಕೆ, ಎಂಟು ಸೋತವನು ಕೆಳಕ್ಕೆ. ಮೇಲಿನ ವಿಭಾಗದಲ್ಲಿ ಮಯೆಗಶಿರಾಗಳು, ಅವರ ಮೇಲೆ ಕೊಮುಸುಬಿ, ಸೆಕಿವಾಕೆ, ಒಜೆಕಿ. ತುದಿಯಲ್ಲಿ ಸೊಂಟಕ್ಕೆ ಬಿಳಿ ಹಗ್ಗ ಕಟ್ಟಿ ಕಣಕ್ಕೆ ಬರುವ ಯೊಕೊಜುನಾ. ಒಜೆಕಿಯಾದವನು ಸತತ ಎರಡು ಟೂರ್ನಿಗಳಲ್ಲಿ ಗೆಲುವಿಗಿಂತ ಹೆಚ್ಚು ಸೋಲು ಕಂಡರೆ ಪದವಿ ಹೋಯಿತು. ಯೊಕೊಜುನಾನನ್ನು ಯಾರೂ ಇಳಿಸುವಂತಿಲ್ಲ. ಕೈಲಾಗದಿದ್ದಾಗ ತಾನೇ ಎದ್ದು ಹೋಗಬೇಕು.

ಯೊಕೊಜುನಾ ಆಗಲು ಒಜೆಕಿಯಾಗಿದ್ದುಕೊಂಡು ಸತತ ಎರಡು ಟೂರ್ನಿ ಗೆಲ್ಲಬೇಕು, ಇಲ್ಲವೇ ಅದಕ್ಕೆ ಸಮನಾದ ಸಾಧನೆ ಮಾಡಬೇಕು. ಇದನ್ನು ಗ್ರಾಂಡ್‌ಸ್ಲಾಂಗೆ ಹಚ್ಚಿ ನೋಡಿ. ಫೆಡರರ್, ನಡಾಲ್, ಜೊಕೊವಿಚ್ ತಕರಾರಿಲ್ಲದೆ ಪಾಸು. ಅಲ್ಕರಾಜ್ 2024ರಲ್ಲಿ ಫ್ರೆಂಚ್ ಓಪನ್, ವಿಂಬಲ್ಡನ್ ಬೆನ್ನುಬೆನ್ನಿಗೆ ಗೆದ್ದು ಪಾಸು. ಸಿನ್ನರ್ ಅದೇ ವರ್ಷದ ಅಮೆರಿಕ ಓಪನ್ನಿಗೆ 2025ರ ಆಸ್ಟ್ರೇಲಿಯಾ ಓಪನ್ ಸೇರಿಸಿ ಪಾಸು. ಒಂದೂ ಗ್ರಾಂಡ್‌ಸ್ಲಾಂ ಗೆಲ್ಲದೆ 1998ರಲ್ಲಿ ನಂಬರ್ ಒನ್ ಆದ ಚಿಲಿಯ ಮಾರ್ಸೆಲೊ ರಿಯೊಸ್ ಒಜೆಕಿ, ಅಷ್ಟೆ.

ಈ ಆಟದಲ್ಲಿ ನನಗೆ ತುಂಬ ಇಷ್ಟವಾದದ್ದು ‘ಕಿನ್‌ಬೋಶಿ’. ಸಾಧಾರಣ ಮಯೆಗಶಿರಾ ಒಬ್ಬ ಯೊಕೊಜುನಾನನ್ನು ಉರುಳಿಸಿದರೆ ಜನ ಕೂತ ಚೌಕಾಕಾರದ ದಿಂಬುಗಳನ್ನೇ ಗಾಳಿಗೆ ತೂರುತ್ತಾರೆ (ತೂರಬೇಡಿ ಎಂದು ಹೇಳುತ್ತಲೇ ಇರುತ್ತಾರೆ, ಕೇಳುವವರಿಲ್ಲ). ಗೆದ್ದವನಿಗೆ ಆಮೇಲಿನ ಟೂರ್ನಿಗಳಲ್ಲೆಲ್ಲ ಹೆಚ್ಚುವರಿ ಹಣ. 2012ರಲ್ಲಿ ನೂರನೆಯ ಸ್ಥಾನದಲ್ಲಿದ್ದ ಲುಕಾಸ್ ರೊಸೊಲ್ ವಿಂಬಲ್ಡನ್ ಎರಡನೆಯ ಸುತ್ತಿನಲ್ಲಿ ನಡಾಲ್ ಅವರನ್ನು ಕೆಡವಿದ್ದು ಇಂಥದೇ. ಬೆಳಕು ಸಾಲದೆ ಚಾವಣಿ ಮುಚ್ಚಲು ಆಟ ನಿಂತಿತು. ಮತ್ತೆ ಶುರುವಾದ ಐದನೆಯ ಸೆಟ್ಟಿನಲ್ಲಿ ಆ ಮಹಾರಾಯ ಕಣ್ಣುಮುಚ್ಚಿ ಹೊಡೆದದ್ದೂ ಗೆರೆಯೊಳಗೇ ಬಿತ್ತು. ಎಟಿಪಿ ಅವರಿಗೆ ಕೊಟ್ಟದ್ದು ಎರಡನೆಯ ಸುತ್ತು ದಾಟಿದ ಯಾರಿಗಾದರೂ ಸಿಗುವಷ್ಟೇ ಅಂಕ. ಇದು ಅನ್ಯಾಯ.

ಹಾಗೆಂದು ಸುಮೊ ಪದ್ಧತಿಯನ್ನು ಇಡಿಯಾಗಿ ತರುವುದೂ ಬೇಡ. ಅಲ್ಲಿ ಗೆದ್ದರಷ್ಟೇ ಸಾಲದು, ಘನತೆ ಇದೆಯೇ ಎಂದು ಹಿರಿಯರ ಸಮಿತಿಯೊಂದು ತೂಗುತ್ತದೆ. ಗಾಯವೆಂದು ರಜೆ ಹಾಕಿದ್ದ ಯೊಕೊಜುನಾ ಅಸಶೋರ‍್ಯು 2007ರಲ್ಲಿ ತಾಯ್ನಾಡು ಮಂಗೋಲಿಯಾದಲ್ಲಿ ಫುಟ್‌ಬಾಲ್ ಆಡುತ್ತಾ ಸಿಕ್ಕಿಬಿದ್ದಾಗ ಎರಡು ಟೂರ್ನಿ ಅಮಾನತು ಮಾಡಿದರು. ಅಂಪೈರ್ ಮೇಲೆ ಕಿರುಚುತ್ತಲೇ 1981ರಲ್ಲಿ ವಿಂಬಲ್ಡನ್, ಅಮೆರಿಕ ಓಪನ್ ಎರಡನ್ನೂ ಗೆದ್ದ ಮೆಕೆನ್ರೊ ಕಡತ ಆ ಸಮಿತಿಯ ಮುಂದೆ ಹೋಗಿದ್ದರೆ ಇನ್ನೂ ಅಲ್ಲೇ ಕೊಳೆಯುತ್ತಿತ್ತೇನೋ.

ಇನ್ನೊಂದು ಸಂಗತಿ ತಮಾಷೆಯದಲ್ಲ. 2018ರ ಅಮೆರಿಕ ಓಪನ್, 2019ರ ಆಸ್ಟ್ರೇಲಿಯಾ ಓಪನ್ ಬೆನ್ನುಬೆನ್ನಿಗೆ ಗೆದ್ದ ನವೊಮಿ ಒಸಾಕಾ ಜಪಾನಿನವರು; ನಿಯಮದ ಪ್ರಕಾರ ಅಪ್ಪಟ ಯೊಕೊಜುನಾ. ಆದರೆ ವೃತ್ತಿಪರ ಸುಮೊ ಕಣವನ್ನು ಹೆಂಗಸರು ತುಳಿಯುವಂತಿಲ್ಲ. 2018ರ ಏಪ್ರಿಲ್‌ನಲ್ಲಿ ಮೈಜುರು ಊರಿನ ಮೇಯರ್ ಕಣದ ಮೇಲೆ ಭಾಷಣ ಮಾಡುತ್ತಾ ಕುಸಿದಾಗ, ಓಡಿಬಂದು ಎದೆ ಒತ್ತುತ್ತಿದ್ದ ಮಹಿಳೆಯರಿಗೆ ಕೆಳಗಿಳಿಯಿರಿ ಎಂದು ಮೈಕಿನಲ್ಲೇ ಹೇಳಿದರು. ಸುಮೊ ಸಂಘದ ಅಧ್ಯಕ್ಷರು ಆಮೇಲೆ ಕ್ಷಮೆ ಕೇಳಿದರು. ನಿಷೇಧ ಹಾಗೇ ಉಳಿಯಿತು.

ಇಂಥ ಹೊತ್ತಿನಲ್ಲಿ ನೆನಪಿಲ್ಲದ ಲೆಕ್ಕದ ಪುಸ್ತಕವೇ ವಾಸಿ ಅನ್ನಿಸುತ್ತದೆ. 1997ರಲ್ಲಿ 141ಕ್ಕೆ ಬಿದ್ದ ಅಗಾಸ್ಸಿ ಸಣ್ಣಪುಟ್ಟ ಟೂರ್ನಿಗಳಿಂದ ಶುರುಮಾಡಿ 1999ರಲ್ಲಿ ಮತ್ತೆ ನಂಬರ್ ಒನ್ ಆದರು. ಅವರು ಸುಮೊದ ಯೊಕೊಜುನಾ ಆಗಿದ್ದಿದ್ದರೆ ಅಲ್ಲಿನ ಸಂಪ್ರದಾಯದಂತೆ ಕೂದಲು ಕತ್ತರಿಸಿ ವಿದಾಯ ಹೇಳಬೇಕಾಗುತ್ತಿತ್ತು, ಅದೂ ಬೋಳುತಲೆಯವರು. ಸುಮೊದಲ್ಲಿ ಮಂಡಿ ಕೆಟ್ಟು ಕೆಳಗಿನಿಂದ ಎರಡನೆಯ ದರ್ಜೆಯವರೆಗೆ ಕುಸಿದ ತೆರುನೊಫುಜಿ 2021ರಲ್ಲಿ ಯೊಕೊಜುನಾ ಆಗಲು ಸಾಧ್ಯವಾದದ್ದೂ ಬೀಳುವಾಗ ಬರೀ ಒಜೆಕಿಯಾಗಿದ್ದರಿಂದ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೆಯ ವಯಸ್ಸಿನಲ್ಲಿ ಡಬಲ್ಸ್ ನಂಬರ್ ಒನ್ ಆದಾಗಲೂ ಕಂಪ್ಯೂಟರು ವಯಸ್ಸು ಕೇಳಲಿಲ್ಲ, ಅಂಕ ಮಾತ್ರ ಕೂಡಿತು.

ಆದ್ದರಿಂದ ನನ್ನ ತೀರ್ಮಾನ ಇಷ್ಟು: ಸ್ಥಾನವನ್ನು ಕಂಪ್ಯೂಟರೇ ಹೇಳಲಿ, ಕಿನ್‌ಬೋಶಿಯನ್ನು ತಕ್ಷಣ ಜಾರಿಗೆ ತರಲಿ, ಯೊಕೊಜುನಾ ಪದವಿಯನ್ನು ಆಟಗಾರ ರ‍್ಯಾಕೆಟ್ ಕೆಳಗಿಟ್ಟ ಮೇಲೆ ಕೊಡಲಿ. ಮೂರು ಗ್ರಾಂಡ್‌ಸ್ಲಾಂ ಗೆದ್ದ ಆ್ಯಂಡಿ ಮರ‍್ರೆ ನನ್ನ ಪಟ್ಟಿಯಲ್ಲಿ ಒಜೆಕಿ. ಒಪ್ಪದವರು ಅವರು ಗೆದ್ದ ಸತತ ಎರಡು ಗ್ರಾಂಡ್‌ಸ್ಲಾಂ ಯಾವುವೆಂದು ತೋರಿಸಬೇಕು. 2012ರ ಲಂಡನ್ ಒಲಿಂಪಿಕ್ಸ್ ಚಿನ್ನವನ್ನು ಲೆಕ್ಕಕ್ಕೆ ಸೇರಿಸುವಂತಿಲ್ಲ.