ಬಿದ್ದ ಮರಕ್ಕೆ ಕೊಡಲಿ ಹಾಕುವ ಮುನ್ನ

ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮಗೆ ಗಾಳಿ ಮಳೆ ಹೊಸತಲ್ಲ. ಹಿತ್ತಿಲಲ್ಲಿ ಒಂದು ಹಲಸು, ಒಂದು ಮಾವು, ನಾಲ್ಕು ತೆಂಗು ಇಲ್ಲದ ಮನೆಗಳೂ ಕಡಿಮೆ. ಆದರೆ ಗಾಳಿಗೆ ಮರ ಮುರಿದು ಬಿದ್ದ ಮರುದಿನ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿಕೊಟ್ಟಿಲ್ಲ. ಅದು ಗಂಡಸರ ಕೆಲಸವೆಂದು ಬಿಟ್ಟುಬಿಟ್ಟಿದ್ದೇವೆ. ಆದರೆ ಗಂಡಸರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮನೆಗಳಲ್ಲಿ ಮರ ಬಿದ್ದಾಗ ಮೊದಲು ಅಂಗಳಕ್ಕೆ ಇಳಿಯುವವರು ಯಾರು? ನಾವೇ ತಾನೇ?

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಗುಜರಾತಿನತ್ತ ಹೋಯಿತು. ಈದುಲ್ ಫಿತ್ರ್ ಕಳೆದು ಎರಡು ಮೂರು ದಿನಗಳಷ್ಟೇ ಆಗಿತ್ತು. ಕೊರೋನಾದ ಲಾಕ್‌ಡೌನ್ ಬೇರೆ. ನನ್ನ ಪತಿ ದುಬೈಯಲ್ಲಿದ್ದರು. ಆಗ ಊರಿಗೆ ಬಂದರೆ ಮರಳಿ ಹೋಗುವ ದಾರಿಯೇ ಮುಚ್ಚಿತ್ತು. ಒಂದು ರಾತ್ರಿ ಬೀಸಿದ ಗಾಳಿಗೆ ನಮ್ಮ ಬೇಲಿಬದಿಯ ಬಕ್ಕೆ ಹಲಸಿನ ಎರಡು ಕವಲುಗಳಲ್ಲಿ ಒಂದು ಮುರಿದು ನೆರೆಮನೆಯ ಹೆಂಚಿನ ಮಾಡಿನ ಮೇಲೆ ಬಿತ್ತು. ಅಲ್ಲಾಹನ ದಯೆ, ಯಾರಿಗೂ ಏನೂ ಆಗಲಿಲ್ಲ.

ಬೆಳಗಾಗುತ್ತಲೇ ಒಂದೊಂದು ಕಡೆಯಿಂದ ಒಂದೊಂದು ಮಾತು. "ಮಕ್ಕಳು ಮಲಗುವ ಕೋಣೆ ಅದು ತಂಗೀ, ಇಡೀ ಮರ ತೆಗೆಸಿಬಿಡಿ" ಎಂದರು ನೆರೆಮನೆಯ ಅಕ್ಕ. ಅವರ ಹೆದರಿಕೆ ಸುಳ್ಳಲ್ಲ. "ನಿನ್ನ ಮಾವ ನೆಟ್ಟದ್ದು, ನಾನು ಬದುಕಿರುವಾಗ ಕಡಿಸಬೇಡ ಮಗಳೇ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಅವರ ಸಂಕಟವೂ ಸುಳ್ಳಲ್ಲ. ಅಷ್ಟರಲ್ಲಿ ಒಬ್ಬ ಮರದ ವ್ಯಾಪಾರಿ ಗೇಟಿನ ಬಳಿ ಬಂದು, ಇಡೀ ಮರ ಕಡಿದು ಜಾಗ ಸ್ವಚ್ಛ ಮಾಡಿ ಕೊಡುತ್ತೇನೆ, ನೀವು ಒಂದು ರೂಪಾಯಿಯೂ ಕೊಡಬೇಕಿಲ್ಲ ಎಂದರು. ಹಲಸಿನ ಮರದ ಬೆಲೆ ಬಲ್ಲವರಿಗೆ ಆ ಔದಾರ್ಯದ ಅರ್ಥವೂ ತಿಳಿದೀತು! ಪತಿ ಫೋನಿನಲ್ಲಿ, "ನಿನಗೆ ಸರಿ ಕಂಡಂತೆ ಮಾಡು" ಎಂದರು.

ನಾನು ಅಕ್ಕನಿಗೆ ಎರಡು ಮಾತು ಕೊಟ್ಟೆ. ಮಾಡಿನ ಮೇಲೆ ಬಿದ್ದದ್ದು ಇಂದೇ ಹೋಗುತ್ತದೆ, ಹೆಂಚು ನಾವೇ ಹಾಕಿಸಿ ಕೊಡುತ್ತೇವೆ. ಉಳಿದ ಮರದ ಬಗ್ಗೆ ನನಗೆ ಒಂದು ವಾರ ಸಮಯ ಕೊಡಿ, ಅಲ್ಲಿಯವರೆಗೆ ಮಕ್ಕಳನ್ನು ಈಚೆ ಕೋಣೆಯಲ್ಲಿ ಮಲಗಿಸಿ. ಅವರು ಒಪ್ಪಿದರು. ಆ ವಾರದಲ್ಲಿ ಮರ ಹತ್ತಿ ಪಳಗಿದ ಹಿರಿಯರೊಬ್ಬರು ಬಂದು ಬುಡ, ಕಾಂಡ, ಕವಲು ಎಲ್ಲವನ್ನೂ ನೋಡಿದರು. ಅವರ ಮಾತಿನಂತೆ ಅಕ್ಕನ ಮನೆಯತ್ತ ಚಾಚಿದ್ದ ಕೊಂಬೆಗಳನ್ನಷ್ಟೇ ತೆಗೆಸಿದೆವು. ಮರ ಉಳಿಯಿತು. ಎರಡು ವರ್ಷ ಕಾಯಿ ಕಡಿಮೆ. ಮೂರನೆಯ ವರ್ಷದ ಮೊದಲ ಹಣ್ಣು ಆ ಅಕ್ಕನ ಮನೆಗೇ ಹೋಯಿತು.

ಅಂದಿನಿಂದ ಕೇಳಿ, ಓದಿ, ನೋಡಿ ತಿಳಿದುಕೊಂಡದ್ದನ್ನು ಸಹೋದರಿಯರಿಗೆ ಹೇಳಬೇಕೆನಿಸಿತು.

ಮೊದಲ ಮಾತು ಮರದ್ದಲ್ಲ, ತಂತಿಯದ್ದು. ಬಿದ್ದ ಕೊಂಬೆಯ ಜೊತೆ ವಿದ್ಯುತ್ ತಂತಿ ಇದ್ದರೆ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಮನೆಯ ಕರೆಂಟ್ ಹೋಗಿದೆ ಎಂದರೆ ತಂತಿಯಲ್ಲಿ ಕರೆಂಟ್ ಇಲ್ಲವೆಂದು ಅರ್ಥವಲ್ಲ. 1912ಕ್ಕೆ ಫೋನ್ ಮಾಡಿ, ಅವರು ಬರುವವರೆಗೆ ಕಾಯಿರಿ. ಬಾಗಿ ಬಿಗಿದು ನಿಂತ ಕೊಂಬೆಯನ್ನು ಗೊತ್ತಿಲ್ಲದವರು ಕಡಿದರೆ ಅದು ಬಿಲ್ಲಿನಂತೆ ಚಿಮ್ಮಿ ಹೊಡೆಯುತ್ತದೆ. ಹುಡುಗರ ಕೈಗೆ ಕತ್ತಿ ಕೊಟ್ಟು ಮರ ಹತ್ತಿಸಬೇಡಿ.

ಅಪಾಯ ದೂರವಾದ ಮೇಲೆ ಮೂರು ಸಂಗತಿ ನೋಡಿ. ಬುಡದ ಒಂದು ಬದಿಯಲ್ಲಿ ಮಣ್ಣು ಎದ್ದು ಬಿರುಕು ಬಿಟ್ಟಿದೆಯೇ? ಕಾಂಡ ಉದ್ದಕ್ಕೆ ಸೀಳಿದೆಯೇ? ಅರ್ಧಕ್ಕಿಂತ ಹೆಚ್ಚು ಕೊಂಬೆಗಳು ಹೋಗಿವೆಯೇ? ಮೊದಲ ಎರಡರಲ್ಲಿ ಒಂದಕ್ಕೆ ಹೌದು ಎಂದಾದರೂ ಮನೆಯ ಪಕ್ಕ ಆ ಮರವನ್ನು ಉಳಿಸಿಕೊಳ್ಳುವುದು ಕ್ಷೇಮವಲ್ಲ. ಮೂರನೆಯದಾದರೆ ಮರ ಚೇತರಿಸಿಕೊಳ್ಳುವುದು ಕಷ್ಟ. ಇವು ಯಾವುವೂ ಇಲ್ಲದಿದ್ದರೆ ಮರ ಎಷ್ಟೇ ವಿಕಾರವಾಗಿ ಕಂಡರೂ ಬದುಕುವ ಸಾಧ್ಯತೆ ಹೆಚ್ಚು.

ಮುರಿದ ಕೊಂಬೆಯನ್ನು ಕಡಿಸುವಾಗ ಕಾಂಡಕ್ಕೆ ಸಮನಾಗಿ ಕೆತ್ತಿಸಬೇಡಿ, ಉದ್ದದ ಮೋಟೂ ಬಿಡಬೇಡಿ. ಕೊಂಬೆ ಹುಟ್ಟುವ ಜಾಗದಲ್ಲಿ ಒಂದು ಉಬ್ಬು ಇರುತ್ತದೆ, ಅದರ ಹೊರಗೆ ಕಡಿಯಬೇಕು. ಗಾಯಕ್ಕೆ ಟಾರು, ಬಣ್ಣ ಬಳಿಯುವ ಅಗತ್ಯವಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶಿಗೊ ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ, ಮರವು ಕೊಳೆತ ಭಾಗಕ್ಕೆ ತನ್ನೊಳಗೇ ಗೋಡೆ ಕಟ್ಟಿಕೊಂಡು ಬದುಕುತ್ತದೆ ಎಂದು ತೋರಿಸಿದರು. ಹೆದರಿ ಮರದ ತಲೆಯನ್ನೇ ಬೋಳಿಸಿಬಿಡುವುದೂ ಸರಿಯಲ್ಲ. ಹಾಗೆ ಕಡಿದಲ್ಲಿ ಒತ್ತಾಗಿ ಚಿಗುರುವ ಕೊಂಬೆಗಳಿಗೆ ಹಿಡಿತ ಕಡಿಮೆ. ಮುಂದಿನ ಗಾಳಿಗೆ ಬೀಳುವುದು ಅವೇ.

ತೆಂಗಿನ ಲೆಕ್ಕ ಬೇರೆ. ಅದಕ್ಕಿರುವುದು ಒಂದೇ ಸುಳಿ. ಸುಳಿ ಮುರಿದರೆ ಮರ ಮತ್ತೆ ಚಿಗುರುವುದಿಲ್ಲ. ಸತ್ತ ಕಾಂಡವನ್ನು ಹಿತ್ತಿಲಲ್ಲಿ ಕೊಳೆಯಲು ಬಿಟ್ಟರೆ ಕುರುವಾಯಿ ದುಂಬಿ ಅಲ್ಲೇ ಮೊಟ್ಟೆಯಿಟ್ಟು ಉಳಿದ ತೆಂಗುಗಳಿಗೂ ಕಂಟಕವಾಗುತ್ತದೆ.

ಕಾನೂನನ್ನೂ ತಿಳಿದಿರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ, ತೆಂಗಿನಂತಹ ಕೆಲವು ಜಾತಿಗಳನ್ನು ಬಿಟ್ಟರೆ, ನಮ್ಮದೇ ಜಾಗದ ಮರವನ್ನು ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಗಾಳಿಗೆ ಬಿದ್ದ ಮರಕ್ಕೆ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಆದ್ದರಿಂದ ಕಡಿಸುವ ಮೊದಲೇ ಫೋಟೋ ತೆಗೆದಿಡಿ. ಮನೆಗೆ ಹಾನಿಯಾಗಿದ್ದರೆ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ ಅರ್ಜಿ ಕೊಡಲೂ ಆ ಫೋಟೋ ಬೇಕಾಗುತ್ತದೆ. ಮರ ಮಾರುವುದಿದ್ದರೆ ಒಬ್ಬರ ಮಾತಿಗೆ ಒಪ್ಪದೆ ಎರಡು ಮೂರು ಕಡೆ ಬೆಲೆ ಕೇಳಿ.

ಮರ ಬೀಳುವುದು ಗಾಳಿಯಿಂದ ಮಾತ್ರವಲ್ಲ. ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ನಾವು ಕಾಂಪೌಂಡಿಗೆ ಅಡಿಪಾಯ ತೆಗೆಯುತ್ತೇವೆ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತೇವೆ, ಒಂದು ಬದಿಯ ಬೇರುಗಳೆಲ್ಲ ತುಂಡಾಗುತ್ತವೆ. ಮರ ಹಸಿರಾಗಿಯೇ ಕಾಣುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಆದ್ದರಿಂದ ಮಳೆಗೆ ಮುಂಚೆ, ಏಪ್ರಿಲ್ ತಿಂಗಳಲ್ಲೇ, ಒಮ್ಮೆ ಹಿತ್ತಿಲು ಸುತ್ತಿ ಬನ್ನಿ. ಒಣ ಕೊಂಬೆ, ಪೊಟರೆ, ಬುಡದಲ್ಲಿ ಎದ್ದ ಅಣಬೆ ಕಣ್ಣಿಗೆ ಬಿದ್ದರೆ ಬಲ್ಲವರನ್ನು ಕರೆಸಿ. ನಿಮ್ಮ ಮರದ ಕೊಂಬೆ ಯಾರ ಮನೆಯ ಮಾಡಿನತ್ತ ಚಾಚಿದೆಯೋ ಆ ಮನೆಯವರನ್ನೂ ಜೊತೆಗೆ ಕರೆದುಕೊಳ್ಳಿ. ಗಾಳಿ ಬಂದ ಮೇಲೆ ಆಡುವ ಮಾತು ಜಗಳವಾಗಬಹುದು. ಮುಂಚೆಯೇ ಆಡಿದ ಮಾತು ಮರವನ್ನೂ ಉಳಿಸುತ್ತದೆ, ನೆರೆಹೊರೆಯನ್ನೂ ಉಳಿಸುತ್ತದೆ.