ಗಂಧದ ಗುಡಿಯ ಕಾವಲು

ವಿದ್ಯಾಸಂಸ್ಥೆಯ ಸ್ಮರಣಸಂಚಿಕೆಯಲ್ಲಿ ಭಾಷಾಪಂಡಿತನೊಬ್ಬನು ಚಲನಚಿತ್ರವನ್ನು ಕುರಿತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ 1973ರಲ್ಲಿ ತೆರೆಕಂಡ ‘ಗಂಧದ ಗುಡಿ’ಯ ಹೆಸರಿನಲ್ಲಿಯೇ ವಿಚಾರಯೋಗ್ಯವಾದ ಅರ್ಥವೊಂದು ಅಡಗಿದೆ.

ಕುಸ್ತಿಪಟುವೂ ನಟರೂ ಆಗಿದ್ದ ಮೈಸೂರಿನ ಎಂ.ಪಿ. ಶಂಕರ್ ನಿರ್ಮಿಸಿ, ವಿಜಯ್ ನಿರ್ದೇಶಿಸಿದ ಈ ಚಿತ್ರದಲ್ಲಿ ಡಾ. ರಾಜಕುಮಾರ್ ಅರಣ್ಯಾಧಿಕಾರಿಯ ಪಾತ್ರವನ್ನು ವಹಿಸಿದರು. ಕಾಡುಗಳ್ಳರ ಸಂಚು, ಹೊಡೆದಾಟ ಮೊದಲಾದ ರೋಚಕ ಪ್ರಸಂಗಗಳು ಇದರಲ್ಲಿ ಧಾರಾಳವಾಗಿವೆ. ಆದರೂ ಕಥಾನಾಯಕನು ಹೋರಾಡುವುದು ಹೊನ್ನಿಗಾಗಿ ಅಲ್ಲ, ಮಣ್ಣಿಗಾಗಿಯೂ ಅಲ್ಲ. ಮಾತನಾಡಲಾರದ ಮರಗಳಿಗಾಗಿ, ಮೃಗಗಳಿಗಾಗಿ. ವನ್ಯಜೀವಿ ಸಂರಕ್ಷಣಾ ಕಾಯಿದೆ 1972ರಲ್ಲಿ ಅಂಗೀಕಾರವಾಗಿತ್ತು. 1973ರಲ್ಲಿ ಬಂಡೀಪುರವು ಹುಲಿ ಯೋಜನೆಗೆ ಸೇರಿತು. ಕಾಯಿದೆಯ ಪುಟಗಳಲ್ಲಿದ್ದ ವಿಷಯವನ್ನು ಈ ಚಿತ್ರವು ಅಕ್ಷರವರಿಯದವರ ಹೃದಯಕ್ಕೂ ಮುಟ್ಟಿಸಿತು.

ನಮ್ಮ ಶಾಸ್ತ್ರಗ್ರಂಥಗಳು ವೃಕ್ಷಗಳನ್ನು ‘ಸ್ಥಾವರ’ವೆಂದು ಕರೆದಿವೆ. ಕಲ್ಲಿನ ಗುಡಿಯೂ ಸ್ಥಾವರವೇ. ಕಲ್ಲಿನ ಗುಡಿ ಬಿದ್ದರೆ ದಾನಿಗಳು ಕೂಡಿ ಕೆಲವೇ ವರ್ಷಗಳಲ್ಲಿ ಮರಳಿ ಕಟ್ಟಿಸಬಹುದು. ಶ್ರೀಗಂಧದ ಮರದಲ್ಲಿ ಪರಿಮಳದ ಕೆಚ್ಚು ಬಲಿಯಲು ಮಾತ್ರ ದಶಕಗಳೇ ಬೇಕು. ಅದನ್ನು ಉರುಳಿಸಲು ಕಳ್ಳನಿಗೆ ಒಂದು ರಾತ್ರಿ ಸಾಕು.

ವಿಧಿಯ ವೈಚಿತ್ರ್ಯವನ್ನು ನೋಡಿರಿ. ತೆರೆಯ ಮೇಲೆ ಕಾಡನ್ನು ಕಾಯ್ದ ಆ ಮಹಾನಟರನ್ನೇ 2000ದ ಜುಲೈ 30ರಂದು ಗಂಧ ಹಾಗೂ ದಂತಗಳ ಚೋರನಾದ ವೀರಪ್ಪನ್ ಗಾಜನೂರಿನಿಂದ ಅಪಹರಿಸಿದನು. 108 ದಿನಗಳ ವನವಾಸದ ಬಳಿಕ ಅವರು ಹಿಂದಿರುಗಿದಾಗ ನಾಡು ನಿಟ್ಟುಸಿರುಬಿಟ್ಟಿತು. 2004ರಲ್ಲಿ ವೀರಪ್ಪನ್ ಹತನಾದನು. ಚಿತ್ರಕಥೆಯಾಗಿದ್ದರೆ ಅಲ್ಲಿಗೆ ಮಂಗಳವಾಗುತ್ತಿತ್ತು. ಆದರೆ ಕಡಿದುಹೋದ ಮರಗಳು ಅದರಿಂದ ಮರಳಿ ಬರಲಿಲ್ಲ. ಖಳನ ಅಂತ್ಯವೇ ಕಾಡಿನ ಉದ್ಧಾರವಲ್ಲವೆಂಬುದು ನನಗೆ ಮನವರಿಕೆಯಾದದ್ದು ಆಗಲೇ.

ನನ್ನ ಹಳೆಯ ಶಿಷ್ಯನೊಬ್ಬನು ಇಂದು ಅರಣ್ಯ ರಕ್ಷಕನಾಗಿದ್ದಾನೆ. ಬೇಸಗೆಗೆ ಮುನ್ನ ಬೆಂಕಿರೇಖೆಗಳನ್ನು ಸವರಿಸುವುದು, ದಿನವೂ ಹತ್ತಾರು ಮೈಲಿ ಕಾಲ್ನಡೆಯಲ್ಲಿ ಗಸ್ತು ತಿರುಗುವುದು, ಹಳ್ಳಿಗರ ಮುನಿಸನ್ನು ತಾಳ್ಮೆಯಿಂದ ಆಲಿಸುವುದು ಅವನ ಕಾಯಕ. ಅವನಿಗೆ ಶಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ. “ಏನೂ ನಡೆಯದ ದಿನವೇ ನಮಗೆ ಒಳ್ಳೆಯ ದಿನ, ಗುರುಗಳೇ” ಎಂದು ಅವನು ಒಮ್ಮೆ ಹೇಳಿದನು. ಏನೂ ನಡೆಯದ ದಿನವನ್ನು ಯಾವ ಚಿತ್ರವು ತಾನೇ ತೋರಿಸೀತು!

ಶ್ರೀಗಂಧವು ಒಂಟಿಯಾಗಿ ಬೆಳೆಯಲಾರದು. ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಹೆಣೆದು ಆಹಾರ ಪಡೆಯುತ್ತದೆ. ಅದರ ರಕ್ಷಣೆಯೂ ಅಂತೆಯೇ ಒಬ್ಬ ವೀರನಿಂದಾಗುವ ಕಾರ್ಯವಲ್ಲ. ‘ಗಂಧದ ಗುಡಿ’ ನಮ್ಮಲ್ಲಿ ಭಕ್ತಿಯನ್ನು ಹುಟ್ಟಿಸಿತು. ಆ ಭಕ್ತಿಯನ್ನು ಕಾಯಕವಾಗಿಸುವ ಹೊಣೆ ಶಾಲೆಗಳದು. ಈ ಶಾಲೆಯಿಂದ ಹೊರಡುವ ಮಕ್ಕಳಲ್ಲಿ ಅಂತಹ ಕಾವಲುಗಾರರು ಮೂಡಿಬರಲೆಂಬುದು ನನ್ನ ಹಾರೈಕೆ.