ಕೊಟ್ಟಿಗೆಹಾರದ ದಾರಿಯಲ್ಲಿ ಒಂದು ವಾರಂಟಿ

ಶುಕ್ರವಾರ ರಾತ್ರಿ ಬ್ಯಾಗಿಗೆ ರೇನ್‌ಕೋಟ್ ತುರುಕುತ್ತಿದ್ದಾಗ ಮೊಬೈಲಿಗೆ ಮೆಸೇಜ್ ಬಂತು. ‘ನಿಮ್ಮ ಬೈಕ್ ವಾರಂಟಿ ಮುಗಿಯಲು ಇನ್ನು 24 ದಿನ. ಇಂದೇ ಎಕ್ಸ್‌ಟೆಂಡೆಡ್ ವಾರಂಟಿ ಪಡೆಯಿರಿ.’ ಎರಡು ವರ್ಷಕ್ಕೆ 5,200 ರೂಪಾಯಿ. ಬೈಕಿನ 36 ಕಂತುಗಳಲ್ಲಿ ಕೊನೆಯದೊಂದು ಇನ್ನೂ ಬಾಕಿ ಇತ್ತು. ಅದು ಮುಗಿಯೋ ಮೊದಲೇ ಮತ್ತೆ ಅದೇ ಗಾಡಿಗೆ ದುಡ್ಡು ಸುರಿಯೋದಾ ಅಂತ ಮೆಸೇಜ್ ಡಿಲೀಟ್ ಮಾಡಿ ಮಲಗಿದೆ.

ನಮ್ಮ ಮನೆ ಇರೋದು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹತ್ತಿರ. ಬೆಂಗಳೂರಿನಿಂದ ಹೆಚ್ಚುಕಡಿಮೆ 260 ಕಿಲೋಮೀಟರ್. ಅಮ್ಮ ಹೋದ ಮೇಲೆ ಅಪ್ಪ ಅಲ್ಲಿ ಒಬ್ಬರೇ. ಎರಡು ಎಕರೆ ಕಾಫಿ, ಒಂದು ನಾಯಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಹಳೇ ಯಜ್ದಿ. ‘ಬೆಂಗಳೂರಿಗೆ ಬಾ ಅಪ್ಪ’ ಅಂತ ಕರೆದು ಸಾಕಾಗಿ, ತಿಂಗಳಿಗೊಮ್ಮೆ ನಾನೇ ಹೋಗುವ ಪದ್ಧತಿ ಮಾಡಿಕೊಂಡಿದ್ದೇನೆ. ಬಸ್ಸಿನಲ್ಲೂ ಹೋಗಬಹುದು. ಆದರೆ ಬಸ್ಸಿಳಿದ ಮೇಲೂ ನಮ್ಮ ಮನೆಗೆ ನಾಲ್ಕು ಕಿಲೋಮೀಟರ್ ಇದೆ. ಬೈಕ್ ತಗೊಂಡಿದ್ದೇ ಆ ನಾಲ್ಕು ಕಿಲೋಮೀಟರಿಗೋಸ್ಕರ ಅಂದರೂ ತಪ್ಪಿಲ್ಲ.

ಶನಿವಾರ ಬೆಳಗ್ಗೆ ಐದಕ್ಕೆ ಹೊರಟೆ. ನೆಲಮಂಗಲ ದಾಟಿ ಎಡಕ್ಕೆ ಹಾಸನದ ಹೆದ್ದಾರಿ ಹಿಡಿದರೆ ಮನಸ್ಸು ಹಗುರ. ಟೋಲ್‌ನಲ್ಲಿ ಕಾರುಗಳೆಲ್ಲ ಸಾಲು ನಿಂತಿರುವಾಗ ಬೈಕಿನವರು ಪಕ್ಕದ ಸಂದಿಯಲ್ಲಿ ನುಸುಳಿ ಹೋಗೋ ಖುಷಿಯೇ ಬೇರೆ. ಕುಣಿಗಲ್ ಬಂದಾಗ ಅಲ್ಲಿನ ಕುದುರೆ ಫಾರಂ ನೆನಪಾಯಿತು. ಟಿಪ್ಪು ಕಾಲದಿಂದ ಹೆಸರಾದ ಜಾಗ. ಕುದುರೆ ಕೊಳ್ಳುವವನು ಹಲ್ಲು ನೋಡಿ, ಕಾಲು ತಟ್ಟಿ, ಸ್ವಲ್ಪ ದೂರ ಓಡಿಸಿ ನೋಡುತ್ತಿದ್ದ. ಮನೆಗೆ ಹೋದ ಮೇಲೆ ಕುಂಟಿದರೆ ಅದು ಅವನ ಹಣೆಬರಹ. ಮೆಸೇಜ್ ಡಿಲೀಟ್ ಮಾಡಿದ್ದರೂ ವಾರಂಟಿ ಮಾತ್ರ ತಲೆಯಿಂದ ಇಳಿದಿರಲಿಲ್ಲ ನೋಡಿ!

ಚನ್ನರಾಯಪಟ್ಟಣದಲ್ಲಿ ಇಡ್ಲಿ, ಹಾಸನ ದಾಟುವಾಗ ಸಣ್ಣ ಮಳೆ. ಬೇಲೂರಿನಲ್ಲಿ ದೇವಸ್ಥಾನದ ಬೀದಿಯಲ್ಲಿ ಟೀ ಕುಡಿಯುತ್ತ ನಿಂತೆ. ಚೆನ್ನಕೇಶವನ ಗುಡಿ 1117ರದ್ದು. 900 ವರ್ಷ ದಾಟಿದೆ. ಚಿಕ್ಕವನಿದ್ದಾಗ ಅಪ್ಪ ಇಲ್ಲಿಗೆ ಕರೆತಂದು, ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರು ಕೆತ್ತಿರುವುದನ್ನು ತೋರಿಸಿದ್ದರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ. ‘ಇದು ನಾನು ಮಾಡಿದ್ದು ಅಂತ ಹೆಸರು ಹಾಕಿದ ಮೇಲೆ ಕೆಲಸ ಕೆಡಿಸೋಕೆ ಆಗುತ್ತೇನೋ?’ ಅಂದಿದ್ದರು. ಅದೊಂದು ಥರದ ವಾರಂಟಿಯೇ.

ಬೇಲೂರು ಬಿಟ್ಟು ಮೂಡಿಗೆರೆ ಕಡೆ ಹದಿನೈದು ಕಿಲೋಮೀಟರ್ ಹೋಗಿರಬಹುದು. ಎರಡೂ ಕಡೆ ಕಾಫಿ ತೋಟ, ಮಂಜು, ಜಿಟಿಜಿಟಿ ಮಳೆ. ಏರಿನಲ್ಲಿ ಎಂಜಿನ್ ಎರಡು ಸಲ ಕೆಮ್ಮಿತು. ಮೂರನೇ ಸಲ ನಿಂತೇ ಹೋಯಿತು. ಮೀಟರಿನಲ್ಲಿ ಹಳದಿ ದೀಪ. ಸೆಲ್ಫ್ ಒತ್ತಿದರೆ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಅರ್ಧ ಕಿಲೋಮೀಟರ್ ತಳ್ಳಿದ ಮೇಲೆ ಒಂದು ಪಂಕ್ಚರ್ ಅಂಗಡಿ ಸಿಕ್ಕಿತು. ಅಲ್ಲಿದ್ದ ಹುಡುಗ ಕೈ ಒರೆಸಿಕೊಂಡು ಬಂದು, ‘ಕೀ ಆನ್ ಮಾಡಿ ಸಾರ್’ ಅಂದ. ಮಾಡಿದೆ. ಟ್ಯಾಂಕಿಗೆ ಕಿವಿ ಇಟ್ಟ. ‘ಗುಂಯ್ ಅಂತ ಒಂದು ಸದ್ದು ಬರ್ಬೇಕು. ಬರ್ತಿಲ್ಲ. ಫ್ಯೂಯೆಲ್ ಪಂಪ್ ಹೋಗಿರ್ಬೇಕು. ಇದು ನಮ್ ಕೈಲಿ ಆಗಲ್ಲ, ಕಂಪ್ಯೂಟರ್ ಹಾಕಿ ನೋಡ್ಬೇಕು.’

ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮಾಯವೇ ಆಯಿತು. ಈಗ ಪೆಟ್ರೋಲ್ ಕಳಿಸುವುದು ಎಲೆಕ್ಟ್ರಿಕ್ ಪಂಪ್, ಎಷ್ಟು ಕಳಿಸಬೇಕು ಅಂತ ಹೇಳುವುದು ಸೆನ್ಸರ್‌ಗಳು ಮತ್ತು ಇಸಿಯು. ಮೈಲೇಜಿಗೂ ಒಳ್ಳೆಯದು, ಹೊಗೆಯೂ ಕಮ್ಮಿ. ಆದರೆ ಊದಿ, ಒರೆಸಿ, ಮತ್ತೆ ಜೋಡಿಸಿ ಹೊರಡುವ ಕಾಲ ಹೋಯಿತು.

ಅದೇ ಹುಡುಗ ಪರಿಚಯದ ಪಿಕಪ್ ಕರೆಸಿದ. ಚಿಕ್ಕಮಗಳೂರಿನ ಸರ್ವಿಸ್ ಸೆಂಟರಿಗೆ ಮುಟ್ಟಿಸಲು 1,800 ರೂಪಾಯಿ. ವಾರಂಟಿ ಇದೆಯಲ್ಲ, ಇದನ್ನೂ ಕೊಡ್ತಾರೆ ಅಂದುಕೊಂಡಿದ್ದೆ. ಕೌಂಟರಿನಲ್ಲಿದ್ದ ಹುಡುಗಿ ನಕ್ಕಳು. ‘ರೋಡ್‌ಸೈಡ್ ಅಸಿಸ್ಟೆನ್ಸ್ ಬೇರೆ ಸರ್, ವಾರಂಟಿ ಬೇರೆ. ನೀವು ಅದನ್ನ ತಗೊಂಡಿಲ್ಲ.’ ಆಮೇಲೆ ಟೆಕ್ನಿಷಿಯನ್ ಬಂದು ಬೈಕ್ ಸುತ್ತ ಒಂದು ಸುತ್ತು ಹಾಕಿ, ಮುಂದಿನ ಫಾಗ್ ಲೈಟ್‌ಗಳ ಹತ್ತಿರ ನಿಂತರು. ‘ಇದು ಎಲ್ಲಿ ಹಾಕಿಸಿದ್ದು?’

ನನ್ನ ಎದೆ ಧಸಕ್ಕೆಂದಿತು. ಚಾರ್ಮಾಡಿ ಕಡೆಯ ಮಂಜಿಗೆ ಬೇಕು ಅಂತ ಬೆಂಗಳೂರಿನ ಯಾವುದೋ ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದೆ. ‘ಕಂಪನಿ ವೈರಿಂಗ್ ಕಟ್ ಮಾಡಿದ್ರೆ ವಾರಂಟಿ ಕ್ಲೇಮ್ ರಿಜೆಕ್ಟ್ ಆಗ್ಬಹುದು ಸರ್. ಬಿಚ್ಚಿ ನೋಡಿ ಹೇಳ್ತೀವಿ’ ಅಂದರು. ಪಂಪ್ ಪೂರ್ತಿ ಸೆಟ್ ಹಾಕಿದರೆ ಅಂದಾಜು 7,400 ರೂಪಾಯಿ. ವಾರಂಟಿಯಲ್ಲಿ ಬಂದರೆ ಸೊನ್ನೆ.

ಬೈಕ್ ಅಲ್ಲೇ ಬಿಟ್ಟು ಬಸ್ ಹತ್ತಿದೆ. ಕೊಟ್ಟಿಗೆಹಾರದಲ್ಲಿ ಇಳಿದಾಗ ಸಂಜೆ ಆರು. ಧೋ ಅಂತ ಮಳೆ. ನಾಲ್ಕು ಕಿಲೋಮೀಟರ್ ನಡೆಯೋಣ ಅಂತ ಬ್ಯಾಗ್ ಬಿಗಿದರೆ, ನೀರುದೋಸೆ ಹೋಟೆಲಿನ ಮಾಡಿನ ಕೆಳಗೆ ಕೊಡೆ ಹಿಡಿದು ಅಪ್ಪ ನಿಂತಿದ್ದಾರೆ! ಫೋನ್ ಮಾಡಿ ವಿಷಯ ಹೇಳಿದ್ದೆ ಅಷ್ಟೆ, ಬನ್ನಿ ಅಂದಿರಲಿಲ್ಲ. 68 ವರ್ಷದ ಮನುಷ್ಯ, ಮಂಡಿ ನೋವು ಬೇರೆ, ಆ ಮಳೆಯಲ್ಲಿ ನಡೆದುಕೊಂಡೇ ಬಂದಿದ್ದರು. ‘ಯಜ್ದಿ ತರೋಣ ಅಂದ್ರೆ ಅದು ಎದ್ದೇಳಲ್ಲ ಮಾರಾಯ’ ಅಂದರು.

ರಾತ್ರಿ ಬಚ್ಚಲೊಲೆ ಮುಂದೆ ಬಟ್ಟೆ ಒಣಗಿಸುತ್ತ ವಾರಂಟಿಯ ಕಥೆ ಹೇಳಿದೆ. ‘ಐದು ಸಾವಿರ ಕೊಟ್ಟು ಕಾಗದ ತಗೊಳ್ಳೋದಾ? ಆ ದುಡ್ಡಿಗೆ ಎರಡು ಟಯರ್ ಬರುತ್ತೆ’ ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತ್ತು.

ಭಾನುವಾರ ಅಂಗಳದ ಮೂಲೆಯಲ್ಲಿ, ನಮ್ಮ ಮನೆಗೆ ನೆಟ್‌ವರ್ಕ್ ಸಿಗೋ ಏಕೈಕ ಜಾಗದಲ್ಲಿ ಕೂತು ವಾರಂಟಿಯ ಷರತ್ತುಗಳನ್ನು ಮೊದಲ ಸಲ ಪೂರ್ತಿ ಓದಿದೆ. ಎಂಜಿನ್, ಗೇರ್‌ಬಾಕ್ಸ್, ಇಸಿಯು, ಪಂಪ್, ಸೆನ್ಸರ್‌ಗಳಲ್ಲಿ ತಯಾರಿಕೆಯ ದೋಷ ಇದ್ದರೆ ಮಾತ್ರ ಕಂಪನಿಯ ಹೊಣೆ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಚೈನ್ ಸ್ಪ್ರಾಕೆಟ್, ಕೇಬಲ್, ಬಲ್ಬ್ ಇವೆಲ್ಲ ಸವೆಯೋ ಸಾಮಾನು, ಸೇರಲ್ಲ. ಟಯರು, ಬ್ಯಾಟರಿಗೆ ಅವುಗಳ ಕಂಪನಿಯದೇ ಬೇರೆ ವಾರಂಟಿ. ಬಿದ್ದು ಪೆಟ್ಟಾದರೆ, ನೀರಿನಲ್ಲಿ ಮುಳುಗಿದರೆ ಅದು ಇನ್ಶೂರೆನ್ಸ್ ಬಾಬ್ತು. ಒಂದು ಸರ್ವಿಸ್ ತಪ್ಪಿಸಿದರೂ, ಹೊರಗಡೆ ಮಾಡಿಸಿದರೂ ತಕರಾರು. ಮೊದಲ ವಾರಂಟಿ ಮುಗಿದ ಮೇಲೆ ವಿಸ್ತರಣೆ ಸಿಗುವುದಿಲ್ಲ. ಒಟ್ಟಿನಲ್ಲಿ, ಹುಟ್ಟಿನಿಂದ ಬಂದ ದೋಷಕ್ಕೆ ಅವರು, ದಾರಿಯಲ್ಲಿ ಆದ ಸವೆತಕ್ಕೆ ನಾವು.

ಆಮೇಲೆ ಲೆಕ್ಕ ಹಾಕಿದೆ. ಮೀಟರಿನಲ್ಲಿ 27,400 ಕಿಲೋಮೀಟರ್ ಇತ್ತು. 35 ತಿಂಗಳಿಗೆ ಹಂಚಿದರೆ ತಿಂಗಳಿಗೆ 780ರಷ್ಟು. ಇನ್ನೆರಡು ವರ್ಷಕ್ಕೆ ಸುಮಾರು 19,000. ಅಂದರೆ 46,400ರ ಆಸುಪಾಸು. ವಿಸ್ತರಿಸಿದ ವಾರಂಟಿ ಒಟ್ಟು ಐದು ವರ್ಷ ಅಥವಾ 50,000 ಕಿಲೋಮೀಟರ್, ಯಾವುದು ಮೊದಲೋ ಅದು. ನನಗೆ ಎರಡು ವರ್ಷವೂ ಪೂರ್ತಿ ದಕ್ಕುತ್ತದೆ. ಡೆಲಿವರಿ ಕೆಲಸ ಮಾಡೋ ನನ್ನ ರೂಮ್‌ಮೇಟ್ ಆದರೆ ಎಂಟೇ ತಿಂಗಳಲ್ಲಿ ಆ ಮಿತಿ ಮುಟ್ಟಿಬಿಡುತ್ತಾನೆ. ದಿನಾ ಮನೆಯಿಂದ ಮೆಟ್ರೋ ಸ್ಟೇಷನ್‌ವರೆಗೆ ಮಾತ್ರ ಬೈಕ್ ಓಡಿಸಿ, ಮುಂದಿನ ವರ್ಷ ಮಾರುವವನಿಗೂ ಇದು ಅಷ್ಟಾಗಿ ಬೇಡ. ಅದೇ ಕಾಗದ, ಆದರೆ ಒಬ್ಬೊಬ್ಬರ ದಾರಿಗೆ ಅದರ ಬೆಲೆ ಬೇರೆ.

ಲೆಕ್ಕ ‘ತಗೋ’ ಅನ್ನುತ್ತಿದ್ದರೂ ಮನಸ್ಸು ಒಪ್ಪಿರಲಿಲ್ಲ. ಮಧ್ಯಾಹ್ನ ಮಳೆ ಬಿಟ್ಟಾಗ ಅಪ್ಪ ಕೊಟ್ಟಿಗೆಗೆ ಕರೆದರು. ಗೋಣಿತಾಟು ಸರಿಸಿದರೆ 1984ರ ಯಜ್ದಿ. ಮೈಸೂರಿನಲ್ಲೇ ತಯಾರಾದ ಗಾಡಿ. ಕಿಕ್ಕರೂ ಗೇರೂ ಒಂದೇ ಲಿವರ್. ಅಮ್ಮನನ್ನು ಹೆರಿಗೆಗೆ ಕರೆದೊಯ್ದದ್ದು ಇದರಲ್ಲೇ. ‘ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಗ ಎಲ್ಲರೂ ಮಾರಿಬಿಡು ಅಂದ್ರು. ಮೂಡಿಗೆರೆಯಲ್ಲಿ ಸಾಬರಿದ್ರಲ್ಲ, ನಾನು ಮಾರಲಿಲ್ಲ. ರಾತ್ರಿ ಹತ್ತಕ್ಕೆ ಹೋಗಿ ಬಾಗಿಲು ತಟ್ಟಿದ್ರೂ ಲಾಟೀನು ಹಿಡ್ಕೊಂಡು ಬರೋರು’ ಅಂದರು.

ಸಾಬರು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳು ಗ್ಯಾರೇಜ್ ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಯಜ್ದಿ ನಿಂತದ್ದೂ ಆಗಿನಿಂದಲೇ.

ಅಪ್ಪ ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಲ್ಲಿ ಒರೆಸಿದರು. ‘ನಂಗೆ ಸಾಬರಿದ್ರು ಮಗ. ಈ ದಾರೀಲಿ ನಿಂಗೆ ಯಾರಿದ್ದಾರೆ? ತಗೋ ಆ ಕಾಗದ.’ ಸ್ವಲ್ಪ ಹೊತ್ತು ಬಿಟ್ಟು, ‘ಗಾಡಿ ಕೆಟ್ರೆ ನೀನು ಬರೋದು ನಿಂತೋಗುತ್ತೆ’ ಅಂದರು. ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ‘ಬಾ’ ಅಂದಿದ್ದು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

ಸೋಮವಾರ ಸರ್ವಿಸ್ ಸೆಂಟರಿನಿಂದ ಫೋನ್. ಪುಣ್ಯಕ್ಕೆ ಫಾಗ್ ಲೈಟ್ ಹಾಕಿದವನು ಕಂಪನಿ ವೈರ್ ಕತ್ತರಿಸದೆ, ಬ್ಯಾಟರಿಯಿಂದ ರಿಲೇ ಕೊಟ್ಟು ಬೇರೆ ಲೈನ್ ಎಳೆದಿದ್ದ. ಕ್ಲೇಮ್ ಪಾಸಾಯಿತು. ಪಂಪ್ ಬೆಂಗಳೂರಿನಿಂದ ಬರಬೇಕಿದ್ದರಿಂದ ಬುಧವಾರದವರೆಗೆ ಅಂಗಳದ ಮೂಲೆಯಲ್ಲೇ ಕೂತು ಆಫೀಸ್ ಕೆಲಸ ಮಾಡಿದೆ. ಮೀಟಿಂಗ್ ನಡುವೆ ಅಪ್ಪ ಕಾಫಿ ತಂದಿಟ್ಟು ಸದ್ದಿಲ್ಲದೆ ಹೋಗುತ್ತಿದ್ದರು.

ಬುಧವಾರ ಬೈಕ್ ಬಿಡಿಸಿಕೊಳ್ಳುವಾಗ, 19 ದಿನ ಬಾಕಿ ಇರುವಂತೆ, ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದೆ. ಬಾಯಿಮಾತಿನ ಭರವಸೆಗೆ ಬೆಲೆ ಇಲ್ಲ ಅಂತ ಗೊತ್ತಾಗಿತ್ತು. ಹಾಗಾಗಿ ಯಾವ ದಿನಾಂಕದವರೆಗೆ, ಎಷ್ಟು ಕಿಲೋಮೀಟರ್‌ವರೆಗೆ ಅಂತ ಸರ್ಟಿಫಿಕೇಟಿನಲ್ಲಿ ನೋಡಿ, ಹಳೇ ಸರ್ವಿಸ್ ಬಿಲ್‌ಗಳ ಜೊತೆ ಫೋಟೋ ತೆಗೆದು ಇಟ್ಟುಕೊಂಡೆ. ಫಾಗ್ ಲೈಟ್ ವಿಷಯ ಜಾಬ್ ಕಾರ್ಡಿನಲ್ಲಿ ಬರೆಸಿದೆ. ನಾಳೆ ಸುಮ್ಮಸುಮ್ಮನೆ ಕ್ಲೇಮ್ ನಿರಾಕರಿಸಿದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಎರಡು ಕಡೆಯೂ ಮೊದಲು ಕೇಳುವುದು ಕಾಗದವನ್ನೇ. ಜೊತೆಗೆ ರೋಡ್‌ಸೈಡ್ ಅಸಿಸ್ಟೆನ್ಸನ್ನೂ ತಗೊಂಡೆ. ಪಿಕಪ್ಪಿಗೆ ಕೊಟ್ಟ 1,800 ಇನ್ನೂ ಉರಿಯುತ್ತಿತ್ತು.

ವಾಪಸ್ ಬರುವಾಗ ಆ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಹುಡುಗ ಬಂದು ಟ್ಯಾಂಕಿಗೆ ಕಿವಿ ಇಟ್ಟು, ‘ಗುಂಯ್ ಅಂತಿದೆ, ಹೋಗಿ ಸಾರ್’ ಅಂದ. ‘ಯಜ್ದಿ ಕೆಲಸ ಬರುತ್ತಾ?’ ಅಂತ ಕೇಳಿದೆ. ‘ಸಾಬರ ಹತ್ರ ಎರಡು ವರ್ಷ ಸ್ಪ್ಯಾನರ್ ಹಿಡ್ಕೊಂಡಿದ್ದೆ ಸಾರ್’ ಅಂದ. ಅವನ ನಂಬರ್ ತಗೊಂಡು ಅಪ್ಪನಿಗೆ ಕಳಿಸಿದೆ.

ಮುಂದಿನ ತಿಂಗಳು ಬರುವಾಗ ಒಂದು ಸ್ಪಾರ್ಕ್ ಪ್ಲಗ್, ಒಂದು ಸೆಟ್ ಪಾಯಿಂಟ್, ಎರಡು ಲೀಟರ್ ಟು-ಸ್ಟ್ರೋಕ್ ಆಯಿಲ್ ತರಬೇಕಂತೆ. ಪಟ್ಟಿ ವಾಟ್ಸ್ಯಾಪಿನಲ್ಲಿ ಬಂದಿದೆ. ಕೊನೆಯಲ್ಲಿ ಅಪ್ಪ ಒಂದು ಸಾಲು ಸೇರಿಸಿದ್ದಾರೆ: ‘ಬಿಲ್ ಇಟ್ಕೋ.’